ದೊಡ್ಡಮನೆಯ ಒಡೆಯರೂ ಕೆಲಸದವರೂ ಒಂದೇ ಸಂಸಾರವೇ?

ಓದುಗರ ಪ್ರಶ್ನೆ: “ನಾನು ಧಾರವಾಡದವಳು, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನಮ್ಮ ಹವ್ಯಾಸಿ ತಂಡಕ್ಕೆ ಒಂದು ನಾಟಕ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1910ರ ಸುಮಾರಿಗೆ, ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಶ್ರೀಮಂತ ಮನೆತನದ ಬಂಗಲೆಯಲ್ಲಿ. ಟಿ.ವಿ. ಧಾರಾವಾಹಿಗಳಲ್ಲಿ ಒಡೆಯರೂ ಕೆಲಸದವರೂ ಒಂದೇ ಮನೆಯವರಂತೆ ಸುಖದುಃಖ ಹಂಚಿಕೊಳ್ಳುವುದನ್ನು ನೋಡಿ ನನಗೆ ಮನಸ್ಸು ತುಂಬಿ ಬಂದಿತ್ತು. ಮೊದಲ ಅಂಕ ಓದಿದಾಗ ತಂಡದ ಹುಡುಗನೊಬ್ಬ ‘ಇದು ಜೀತಕ್ಕೆ ಸಿಂಗಾರ ಮಾಡಿದಂತಾಯಿತು’ ಎಂದ. ಅಂದಿನಿಂದ ಬರವಣಿಗೆ ನಿಂತಿದೆ. ನನ್ನ ಅಜ್ಜಿ ಒಂದು ವಾಡೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ವಾಡೆಯವರನ್ನು ಕೊನೆಯವರೆಗೂ ಪ್ರೀತಿಯಿಂದಲೇ ನೆನೆಯುತ್ತಿದ್ದಳು. ಆ ಪ್ರೀತಿ ಸುಳ್ಳೇ? ಇಂಗ್ಲೆಂಡಿನ ಆ ಮನೆಗಳಲ್ಲಿ ನಿಜವಾಗಿ ಹೇಗಿತ್ತು? ಒಡೆಯರು ಕೆಲಸದ ಹುಡುಗಿಯನ್ನು ಮದುವೆಯಾದದ್ದುಂಟೇ? ಮಹಾಯುದ್ಧದಿಂದಲೇ ಅದೆಲ್ಲ ಮುಗಿಯಿತೇ? ಇನ್ನೊಂದು ತೊಡಕು: ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ಯಾರು ಯಾರಿಗೆ ‘ನೀನು’ ಅನ್ನಬೇಕು, ಯಾರು ‘ನೀವು’ ಅನ್ನಬೇಕು?”

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಆ ಮನೆಗಳಲ್ಲಿದ್ದ ಪ್ರೀತಿ ನಿಜವೇ ಎಂಬುದು ಒಂದು. ನಿಜವೆಂದು ತೋರಿಸಿದರೆ ದುಡಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ ಎಂಬುದು ಇನ್ನೊಂದು. ಬ್ರಿಟನ್ನಿನ ಸಾಮಾಜಿಕ ಇತಿಹಾಸವನ್ನು ಬಹಳ ವರ್ಷ ಪಾಠ ಮಾಡಿದವನು ನಾನು. ಸಂಬಳದ ಪುಸ್ತಕಗಳು, ಮನೆಖರ್ಚಿನ ಲೆಕ್ಕಗಳು, ಕೆಲಸ ಕೇಳಿ ಬರೆದ ಕಾಗದಗಳ ನಡುವೆ ಕಳೆದ ಕಾಲವೇ ನನ್ನ ಅನುಭವ. ಅದರಿಂದ ಹೇಳುತ್ತೇನೆ: ಪ್ರೀತಿ ಇತ್ತು, ಅನೇಕ ಮನೆಗಳಲ್ಲಿ ಆಳವಾಗಿಯೇ ಇತ್ತು. ಆದರೆ ಅದು ಎಲ್ಲಿಯವರೆಗೆ ಇರಬೇಕೆಂದು ಗೆರೆ ಎಳೆಯುವ ಅಧಿಕಾರ ಒಂದೇ ಪಕ್ಷದ ಕೈಯಲ್ಲಿತ್ತು.

ಮೊದಲು ಆ ಹುಡುಗನ ಮಾತನ್ನು ತೆಗೆದುಕೊಳ್ಳೋಣ. ಅವನ ಸಿಟ್ಟಿಗೆ ಕಾರಣವಿದೆ; ಆದರೆ ‘ಜೀತ’ ಎಂಬ ಮಾತು ಇಲ್ಲಿ ಕೂಡುವುದಿಲ್ಲ. 1910ರ ಇಂಗ್ಲೆಂಡಿನ ಮನೆಗೆಲಸದವರಿಗೆ ನಿಗದಿಯಾದ ಸಂಬಳವಿತ್ತು, ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಡುವ ರೂಢಿಯಿತ್ತು. ಸಾಲಕ್ಕೆ ಒತ್ತೆಯಾಗಿ ತಲೆಮಾರುಗಟ್ಟಲೆ ದುಡಿಯುವ ಕಟ್ಟುಪಾಡು ಇರಲಿಲ್ಲ. ಜನ ಬಿಟ್ಟು ಹೋಗುತ್ತಿದ್ದರು, ಮತ್ತೆ ಮತ್ತೆ ಹೋಗುತ್ತಿದ್ದರು. ಸಂಬಳದ ಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಇದೇ: ಗಂಡಾಳುಗಳ ಮುಖ್ಯಸ್ಥನಾದ ಬಟ್ಲರ್ ಹೆಸರು ಪುಟದಿಂದ ಪುಟಕ್ಕೆ ಅದೇ ಇರುತ್ತದೆ, ಅಡುಗೆಮನೆಯ ಹುಡುಗಿಯರ ಸಾಲಿನಲ್ಲಿ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಹನ್ನೆರಡು ಹದಿನಾಲ್ಕರ ವಯಸ್ಸಿಗೆ ಕೆಲಸಕ್ಕೆ ಸೇರಿದ ಹುಡುಗಿ ಒಂದು ಮನೆಯಲ್ಲಿ ಒಂದೆರಡು ವರ್ಷ ಕಲಿತು, ಒಂದು ಮೆಟ್ಟಿಲು ಮೇಲಿನ ಕೆಲಸ ಹುಡುಕಿಕೊಂಡು ಮುಂದಿನ ಮನೆಗೆ ಹೋಗುವುದೇ ವಾಡಿಕೆ. ಮೂವತ್ತು ನಲವತ್ತು ವರ್ಷ ಒಂದೇ ಮನೆಯಲ್ಲಿ ಕಳೆದವರು ಇದ್ದರು, ಆದರೆ ಅವರು ವಿರಳ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಬೇಕು. 1911ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸದಲ್ಲಿದ್ದ ಹೆಂಗಸರು 12ರಿಂದ 13 ಲಕ್ಷ. ಇವರಲ್ಲಿ ಹೆಚ್ಚಿನವರು ಡ್ಯೂಕ್‌ಗಳ ಬಂಗಲೆ ಕಂಡವರೇ ಅಲ್ಲ. ಪೇಟೆಯ ಗುಮಾಸ್ತನ ಮನೆಯಲ್ಲೋ ವ್ಯಾಪಾರಿಯ ಮನೆಯಲ್ಲೋ ಒಬ್ಬಂಟಿಯಾಗಿ ಒಲೆ, ನೆಲ, ಬಟ್ಟೆ, ಮಗು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹುಡುಗಿಯರು. ದೊಡ್ಡಮನೆಯಲ್ಲಿ ಜೊತೆಗಾರರಿರುತ್ತಿದ್ದರು, ಹೊಟ್ಟೆತುಂಬ ಮಾಂಸ, ಬಿಯರು ಇರುತ್ತಿತ್ತು, ಕುಣಿತದ ಸಂಜೆಗಳೂ ಇರುತ್ತಿದ್ದವು. ಆದ್ದರಿಂದಲೇ ಅಲ್ಲಿ ಕೆಲಸ ಸಿಗುವುದು ಒಂದು ಅದೃಷ್ಟವೆಂದು ಹಳ್ಳಿಯವರು ಎಣಿಸುತ್ತಿದ್ದರು. ಸಂಬಳದ ಅಂತರವಂತೂ ದೊಡ್ಡದು: 1861ರ ಒಂದು ಜನಪ್ರಿಯ ಗೃಹಕೃತ್ಯದ ಕೈಪಿಡಿ ಪಾತ್ರೆ ತಿಕ್ಕುವ ಹುಡುಗಿಗೆ ವರ್ಷಕ್ಕೆ 5ರಿಂದ 9 ಪೌಂಡ್, ಮನೆಯ ಮೇಲ್ವಿಚಾರಣೆ ನೋಡುವ ಹೌಸ್‌ಕೀಪರ್‌ಗೆ 20ರಿಂದ 45 ಪೌಂಡ್ ಎಂದು ಹೇಳುತ್ತದೆ.

ಜೀತವಲ್ಲ ಎಂದೆ. ಹಾಗಾದರೆ ಕಟ್ಟಿ ಹಾಕಿದ್ದು ಯಾವುದು? ಒಂದು ಕಾಗದ. ಅದನ್ನು ಅವರು ‘ಕ್ಯಾರೆಕ್ಟರ್’ ಎನ್ನುತ್ತಿದ್ದರು, ಎಂದರೆ ನಡತೆಯ ಪತ್ರ. ಕೆಲಸ ಬಿಡುವವಳು ಪ್ರಾಮಾಣಿಕಳೇ, ಕುಡಿಯುತ್ತಾಳೆಯೇ, ಬೆಳಗ್ಗೆ ಬೇಗ ಏಳುತ್ತಾಳೆಯೇ ಎಂದು ಹಳೆಯ ಒಡತಿ ಹೊಸ ಒಡತಿಗೆ ಬರೆದು ತಿಳಿಸಬೇಕು. ಅದಿಲ್ಲದೆ ಮರ್ಯಾದಸ್ಥರ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಸುಳ್ಳು ಪತ್ರ ಸೃಷ್ಟಿಸಿದವರನ್ನು ಶಿಕ್ಷಿಸಲು 1792ರಲ್ಲೇ ಕಾಯ್ದೆ ಬಂದಿತ್ತು. ಆದರೆ ನಡತೆಯ ಪತ್ರ ಕೊಡಲೇಬೇಕೆಂದು ಒಡತಿಯನ್ನು ಒತ್ತಾಯಿಸುವ ಕಾನೂನು ಇರಲಿಲ್ಲ. ಅವಳು ಸುಮ್ಮನಿದ್ದರೆ ಸಾಕು, ಒಂದು ಹುಡುಗಿಯ ಹತ್ತು ವರ್ಷದ ದುಡಿಮೆ ಅಳಿಸಿಹೋಗುತ್ತಿತ್ತು. ಇದಕ್ಕೆ ಇನ್ನೊಂದು ಸಂಗತಿ ಕೂಡಿಕೊಳ್ಳುತ್ತದೆ: ಕೆಲಸವೂ ಸೂರೂ ಒಂದೇ. ಕಾರ್ಖಾನೆಯವನು ಕೆಲಸ ಕಳೆದುಕೊಂಡರೆ ರಾತ್ರಿ ಮನೆಗೆ ಹೋಗುತ್ತಾನೆ. ಇವಳಿಗೆ ಕೆಲಸ ಹೋದ ರಾತ್ರಿಯೇ ಮಲಗುವ ಜಾಗವೂ ಹೋಯಿತು. ನಿಮ್ಮ ನಾಟಕದಲ್ಲಿ ಯಾವ ಪಾತ್ರ ಎಷ್ಟು ಬಾಯಿಬಿಟ್ಟು ಮಾತನಾಡಬಲ್ಲದು ಎಂಬುದು ಈ ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ.

ಈಗ ‘ಒಂದೇ ಸಂಸಾರ’ ಎಂಬ ನಂಬಿಕೆ. ಇದಕ್ಕೆ ಎಲ್ಲರೂ ತೋರಿಸುವ ಸಾಕ್ಷಿ ಇಂಗ್ಲೆಂಡಿನ ಗಡಿ ದಾಟಿದೊಡನೆ ವೇಲ್ಸ್‌ನ ರೆಕ್ಸಮ್ ಹತ್ತಿರ ಸಿಗುವ ಎರ್ಡಿಗ್ ಎಂಬ ಮನೆ. ಅಲ್ಲಿನ ಒಡೆಯ ಫಿಲಿಪ್ ಯಾರ್ಕ್ 1790ರ ದಶಕದಲ್ಲಿ ತನ್ನ ಮನೆಯ ಕೆಲಸದವರ ಭಾವಚಿತ್ರಗಳನ್ನು ಬರೆಯಿಸಿ, ಒಬ್ಬೊಬ್ಬರ ಮೇಲೂ ಪದ್ಯ ಕಟ್ಟಿ ಗೋಡೆಗೆ ತೂಗುಹಾಕಿದ. ಅವನ ವಂಶದವರು ಮುಂದೆ ಫೋಟೊ ತೆಗೆಸುತ್ತ, ಪದ್ಯ ಬರೆಯುತ್ತ ಆ ಪದ್ಧತಿಯನ್ನು ಉಳಿಸಿಕೊಂಡರು. ಸಾಮಾನ್ಯವಾಗಿ ಚಿತ್ರಕಾರನ ಮುಂದೆ ಕುದುರೆ, ನಾಯಿಗಳು ನಿಲ್ಲುತ್ತಿದ್ದ ಕಾಲದಲ್ಲಿ ಬಡಗಿ, ಬೇಟೆಗಾರ, ಮುದುಕಿಯಾದ ಕೆಲಸದವಳು ನಿಂತರು. ಇದು ಸಣ್ಣ ಮಾತಲ್ಲ. ನನಗೆ ಆ ಚಿತ್ರಗಳ ಮೇಲೆ ಗೌರವವಿದೆ. ಆದರೂ ನನ್ನ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ: ಪದ್ಯ ಬರೆದವರು ಯಾರು? ಬಡಗಿಯ ಬಗ್ಗೆ ಒಡೆಯ ಬರೆದದ್ದು ಗೋಡೆಯ ಮೇಲಿದೆ. ಒಡೆಯನ ಬಗ್ಗೆ ಬಡಗಿ ಏನು ಬರೆಯುತ್ತಿದ್ದನೋ, ಅದಕ್ಕೆ ಗೋಡೆ ಇರಲಿಲ್ಲ. ಇದೇ ಮನೆಯಲ್ಲಿ 1907ರಲ್ಲಿ, ಒಡತಿ ತನ್ನ ಅಡುಗೆಯ ಮುಖ್ಯಸ್ಥೆಯ ಮೇಲೆ ಹಣ ಕದ್ದ ಆರೋಪ ಹೊರಿಸಿದಳು. ವಿಚಾರಣೆ ನಡೆದು ನ್ಯಾಯಾಲಯ ಆಕೆಯನ್ನು ನಿರ್ದೋಷಿ ಎಂದಿತು. ಕೆಲಸದವರ ಮೇಲಿನ ಅಕ್ಕರೆಗೆ ಹೆಸರಾದ ಮನೆಯಲ್ಲೇ ನಂಬಿಕೆ ಅಷ್ಟು ಬೇಗ ಮುರಿಯಬಲ್ಲದಾಗಿತ್ತು.

ನಿಮ್ಮ ನಾಟಕದ ಕಾಲಕ್ಕೆ ಹೊಂದುವ ಇನ್ನೊಂದು ಘಟನೆ ಇದೆ. 1911ರಲ್ಲಿ ಅಂದಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತಂದ ವಿಮೆ ಕಾಯ್ದೆ ಕೆಲಸದ ಹೆಣ್ಣುಮಕ್ಕಳನ್ನೂ ಆರೋಗ್ಯ ವಿಮೆಯೊಳಗೆ ಸೇರಿಸಿತು: ವಾರಕ್ಕೆ ಅವಳಿಂದ ಮೂರು ಪೆನ್ನಿ, ಒಡತಿಯಿಂದ ಮೂರು ಪೆನ್ನಿ, ಒಡತಿ ಕಾರ್ಡಿಗೆ ಅಂಚೆಚೀಟಿಯಂಥ ಸ್ಟಾಂಪ್ ಅಂಟಿಸಬೇಕು. ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಒಡತಿಯರೂ ಕೆಲಸದವರೂ ಸೇರಿದ ದೊಡ್ಡ ಪ್ರತಿಭಟನೆ ನಡೆಯಿತು. ಕಾಯಿಲೆ ಬಿದ್ದವರನ್ನು ನಾವೇ ನೋಡಿಕೊಳ್ಳುತ್ತೇವೆ, ನಮ್ಮ ನಡುವಿನ ಬಾಂಧವ್ಯಕ್ಕೆ ಸರ್ಕಾರ ಕೈ ಹಾಕಬಾರದು ಎಂಬುದು ವಾದ. ಹಾಗೆ ವಾದಿಸಿದ ಹಲವರು ಮನಸಾರೆ ಆಡಿದ ಮಾತೇ ಅದು ಎಂದು ನಾನು ನಂಬುತ್ತೇನೆ. ಆದರೆ ನೋಡಿಕೊಳ್ಳುವುದು ಒಡತಿಯ ಕರುಣೆಯಾಗಿ ಉಳಿಯಬೇಕೇ, ಹುಡುಗಿಯ ಹಕ್ಕಾಗಬೇಕೇ ಎಂಬ ಪ್ರಶ್ನೆ ಆ ಮೂರು ಪೆನ್ನಿಯಲ್ಲಿತ್ತು. ಒಂದು ಸ್ಟಾಂಪು, ಒಂದು ಕಾರ್ಡು, ಮೇಜಿನ ಆಚೆ ಈಚೆ ಇಬ್ಬರು ಹೆಂಗಸರು: ರಂಗಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ?

ಇಷ್ಟು ಹತ್ತಿರವಿದ್ದೂ ಇಷ್ಟು ದೂರ ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ ಮನೆಯ ನಕ್ಷೆಯನ್ನೇ ನೋಡಬೇಕು. ಹದಿನೆಂಟನೆಯ ಶತಮಾನದ ನಡುವಿನವರೆಗೆ ಕರೆದರೆ ಕೇಳುವಷ್ಟು ಹತ್ತಿರದಲ್ಲಿ, ಪಕ್ಕದ ಕೋಣೆಯಲ್ಲೋ ಬಾಗಿಲ ಹೊರಗೋ ಒಬ್ಬ ಕೆಲಸದವನು ಇರಲೇಬೇಕಿತ್ತು. ಆಮೇಲೆ ತಂತಿಯ ಗಂಟೆ ಬಂದಿತು. ಮೇಲಿನ ಕೋಣೆಯಲ್ಲಿ ಹಿಡಿಕೆ ಎಳೆದರೆ ಗೋಡೆಯೊಳಗೆ ಸಾಗಿದ ತಂತಿ ನೆಲಮಾಳಿಗೆಯ ಓಣಿಯಲ್ಲಿ ಸುರುಳಿ ಸ್ಪ್ರಿಂಗಿಗೆ ತೂಗುಹಾಕಿದ ಗಂಟೆಯನ್ನು ಅಲುಗಿಸುತ್ತಿತ್ತು. ನಾದ ನಿಂತ ಮೇಲೂ ಸ್ಪ್ರಿಂಗು ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತಿತ್ತು. ಓಡಿ ಬಂದ ಹುಡುಗಿ ತಲೆಯೆತ್ತಿ, ಸಾಲಿನಲ್ಲಿ ನಡುಗುತ್ತಿರುವುದು ಯಾವುದೆಂದು ನೋಡಿ, ಯಾವ ಕೋಣೆಗೆ ಹೋಗಬೇಕೆಂದು ತಿಳಿಯುತ್ತಿದ್ದಳು. ಈ ತಂತಿ ಬಂದ ಮೇಲೆ ಕೆಲಸದವರನ್ನು ಎಷ್ಟು ದೂರ ಬೇಕಾದರೂ ಇಡಬಹುದಾಯಿತು. ಸಸೆಕ್ಸ್‌ನ ಪೆಟ್‌ವರ್ತ್ ಹೌಸ್‌ನಲ್ಲಿ ಅಡುಗೆಮನೆಯೇ ಬೇರೆ ಕಟ್ಟಡದಲ್ಲಿದೆ; ಊಟ ನೆಲದಡಿಯ ಸುರಂಗದಲ್ಲಿ ಬರಬೇಕಿತ್ತು. ಬೇರೆ ಮೆಟ್ಟಿಲು, ಬೇರೆ ಓಣಿ, ಸದ್ದು ತಡೆಯಲು ಹಸಿರು ದಪ್ಪಬಟ್ಟೆ ಹೊಡೆದ ಬಾಗಿಲು. ಆ ಕಾಲದ ವಾಸ್ತುಶಿಲ್ಪಿಗಳು ಇದನ್ನು ಒಂದು ನಿಯಮದಂತೆಯೇ ಹೇಳಿದರು: ಒಡೆಯರು ನಡೆಯುವ ದಾರಿಗೂ ಕೆಲಸದವರು ನಡೆಯುವ ದಾರಿಗೂ ಅಡ್ಡ ಹಾಯುವಿಕೆ ಇರಬಾರದು.

ಆದರೂ ಗೋಡೆಗಳು ಒಂದೇ ಕಡೆಯಿಂದ ಕುರುಡಾಗಿದ್ದವು. ನಮ್ಮಲ್ಲಿ ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಅಲ್ಲಿ ಎಣಿಸದೆ ಬದುಕುವುದೇ ಸಾಧ್ಯವಿರಲಿಲ್ಲ. ಹಾಸಿಗೆ ಕೊಡವುವವಳಿಗೆ ಯಾರು ಎಲ್ಲಿ ಮಲಗಿದ್ದರೆಂದು ಗೊತ್ತು. ಬಟ್ಟೆ ಒಗೆಯುವವಳಿಗೆ ಯಾರು ಬಸುರಾದರು, ಯಾರದ್ದು ಇಳಿದುಹೋಯಿತು ಎಂದು ಗೊತ್ತು. ಬಟ್ಲರ್‌ಗೆ ವೈನಿನ ಲೆಕ್ಕ ಗೊತ್ತು, ಒಡೆಯನ ಉಡುಗೆ ತೊಡುಗೆ ನೋಡಿಕೊಳ್ಳುವ ವ್ಯಾಲೆಗೆ ಅವನ ಹಲ್ಲಿನ ಲೆಕ್ಕ ಗೊತ್ತು. ಒಡೆಯರಿಗೋ, ಊಟ ಬಡಿಸಿ ಬಾಗಿಲು ತೆರೆಯುವ ತಮ್ಮ ಫುಟ್‌ಮನ್‌ನ ನಿಜವಾದ ಹೆಸರೂ ಎಷ್ಟೋ ಸಲ ಬಾಯಿಗೆ ಬರುತ್ತಿರಲಿಲ್ಲ. ಹಲವು ಮನೆಗಳಲ್ಲಿ ಆ ಹುದ್ದೆಗೆ ಬಂದವನು ಯಾರೇ ಆಗಿರಲಿ, ಅವನನ್ನು ‘ಜೇಮ್ಸ್’ ಎಂದೋ ‘ಜಾನ್’ ಎಂದೋ ಕರೆಯುತ್ತಿದ್ದರು. ಒಬ್ಬರಿಗೆ ಎಲ್ಲವೂ ಗೊತ್ತು, ಹೇಳುವಂತಿಲ್ಲ. ಇನ್ನೊಬ್ಬರು ಏನು ಬೇಕಾದರೂ ಕೇಳಬಹುದು, ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಮನೆಗಳ ತಿರುಳು ಇದೇ. ನಿಮ್ಮ ಪಾತ್ರಗಳು ಪ್ರೀತಿಸಲಿ, ದ್ವೇಷಿಸಲಿ, ತಿಳಿವಳಿಕೆಯ ಈ ವಾಲುವಿಕೆ ಅವರ ಮಾತಿನಲ್ಲಿ ಇರಬೇಕು.

ಕೆಳಗಿನವರೆಲ್ಲ ಸಮಾನರು ಎಂದೂ ತಿಳಿಯಬೇಡಿ. ಕೆಲಸದವರ ಊಟದ ಕೋಣೆಯಲ್ಲಿ ಬಟ್ಲರ್ ಮೇಜಿನ ಒಂದು ತುದಿಗೆ, ಹೌಸ್‌ಕೀಪರ್ ಇನ್ನೊಂದು ತುದಿಗೆ. ನಡುವೆ ದರ್ಜೆಯ ಪ್ರಕಾರ ಸಾಲು. ಮಾಂಸದ ತಟ್ಟೆ ಮುಗಿಯುವವರೆಗೆ ಕಿರಿಯರು ಬಾಯಿಬಿಡುವಂತಿಲ್ಲ. ಅದು ಮುಗಿದೊಡನೆ ಹಿರಿಯ ಕೆಲಸದವರು ಎದ್ದು, ಸಿಹಿ ತಿನ್ನಲು ಹೌಸ್‌ಕೀಪರಳ ಕೋಣೆಗೆ ಮೆರವಣಿಗೆಯಂತೆ ಸಾಗುತ್ತಿದ್ದರು. ಆ ಕೋಣೆಗೆ ಕಿರಿಯರು ಇಟ್ಟ ಅಡ್ಡಹೆಸರು ‘ಪಗ್ಸ್ ಪಾರ್ಲರ್’. ಬಾಗಿಲು ಮುಚ್ಚಿದ ಮೇಲೆ ಇಲ್ಲಿ ನಗು ಶುರು. ಅತಿಥಿಗಳು ಬಂದಾಗ ಅವರ ಜೊತೆ ಬಂದ ವ್ಯಾಲೆ, ಮೇಡ್‌ಗಳು ತಂತಮ್ಮ ಒಡೆಯರ ಹೆಸರಿನಿಂದಲೇ ಕರೆಸಿಕೊಂಡು, ಒಡೆಯರ ಪದವಿಯ ಪ್ರಕಾರವೇ ಕೂರುತ್ತಿದ್ದರು. ಮೇಲಿನ ಮನೆಯ ಏಣಿಶ್ರೇಣಿ ಕೆಳಗೆ ಇನ್ನೂ ಬಿಗಿಯಾಗಿತ್ತು.

ನೀವು ಮದುವೆಯ ಬಗ್ಗೆ ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಮನೆಯ ಕಥೆ ಹೇಳುತ್ತೇನೆ. ನನಗೆ ಗೊತ್ತಿರುವ ದೊಡ್ಡಮನೆಗಳಲ್ಲಿ ಇಷ್ಟು ತಿರುವುಗಳಿರುವ ಕಥೆ ಇನ್ನೊಂದಿಲ್ಲ. ಅದರ ಒಡೆಯ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ 1825ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನ ಹಾಲುಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಆ್ಯನ್ ಬುಲಕ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿಯನ್ನು ಮದುವೆಯಾದ. 1846ರಲ್ಲಿ ಅವನು ತೀರಿಕೊಂಡಾಗ ಮನೆ, ಜಮೀನು ಎಲ್ಲವೂ ಅವಳಿಗೆ ಬಂದಿತು. ಅವಳು ತನ್ನ ತಂಗಿ ಫ್ರಾನ್ಸಿಸ್‌ಳನ್ನು ಜೊತೆಗಿರಿಸಿಕೊಂಡಿದ್ದಳು. ಸರ್ ಹ್ಯಾರಿ ಬಿಟ್ಟುಹೋದಂತೆಯೇ ಮನೆಯನ್ನು ಅಕ್ಕತಂಗಿಯರು ಕಾಪಾಡಿಕೊಂಡು ಬಂದರು. 1874ರಲ್ಲಿ ಅಕ್ಕ ತೀರಿಕೊಂಡ ಮೇಲೆ ತಂಗಿಯೇ ಒಡತಿಯಾಗಿ, ಮನೆತನದ ಹೆಸರನ್ನೂ ಇಟ್ಟುಕೊಂಡಳು.

ಈ ಫ್ರಾನ್ಸಿಸ್‌ಗೆ 1850ರ ದಶಕದ ಮೊದಲಲ್ಲಿ ಸಾರಾ ಎಂಬ ಹೆಂಗಸು ಲೇಡೀಸ್ ಮೇಡ್, ಎಂದರೆ ಉಡುಗೆ ತೊಡುಗೆ, ತಲೆಬಾಚುವಿಕೆ ನೋಡಿಕೊಳ್ಳುವ ಸ್ವಂತ ಸೇವಕಿ, ಆಗಿದ್ದಳು. ಸಾರಾ ಅಲ್ಲಿನ ತೋಟಗಾರ ಜೋಸೆಫ್ ವೆಲ್ಸ್‌ನನ್ನು 1853ರಲ್ಲಿ ಮದುವೆಯಾಗಿ ಹೋದಳು. ಬ್ರಾಮ್ಲಿಯಲ್ಲಿ ಹಾಕಿದ ಪಿಂಗಾಣಿ ಅಂಗಡಿ ಕೈಹಿಡಿಯಲಿಲ್ಲ. ಗಂಡನ ಕಾಲು ಮುರಿಯಿತು. 1880ರಲ್ಲಿ ಹಳೆಯ ಒಡತಿ ಅವಳನ್ನು ಹೌಸ್‌ಕೀಪರ್ ಆಗಿ ವಾಪಸು ಕರೆದಳು. ಗಂಡ ಅಂಗಡಿಯಲ್ಲೇ ಉಳಿದ, ಮಕ್ಕಳು ಬಟ್ಟೆ ಅಂಗಡಿಗಳಲ್ಲಿ ಕೆಲಸ ಕಲಿಯಲು ಹೋದರು, ಸಾರಾ ಕಪ್ಪು ಉಡುಪು ತೊಟ್ಟು ನೆಲಮಾಳಿಗೆಯ ಕೋಣೆ ಸೇರಿದಳು. ಅವಳ ಕಿರಿಯ ಮಗನೇ ಮುಂದೆ ಲೋಕಪ್ರಸಿದ್ಧ ಲೇಖಕನಾದ ಎಚ್.ಜಿ. ವೆಲ್ಸ್. ಹದಿನಾಲ್ಕರ ಹುಡುಗ ಒಂದು ಚಳಿಗಾಲ ಹಿಮದಿಂದಾಗಿ ಅಲ್ಲೇ ಸಿಕ್ಕಿಕೊಂಡಾಗ ಕೆಲಸದವರಿಗಾಗಿ ಕೈಬರಹದ ಪತ್ರಿಕೆ ಹೊರಡಿಸಿದ. ಅಮ್ಮನ ಕೋಣೆಯಲ್ಲಿ ಪುಟ್ಟ ರಂಗ ಕಟ್ಟಿ ಮೇಡ್‌ಗಳಿಗೆ ನೆರಳಿನ ಆಟ ಆಡಿಸಿದ. ಮೇಲಿನ ಪುಸ್ತಕಗಳನ್ನು ಇಳಿಸಿಕೊಂಡು ಪ್ಲೇಟೊನನ್ನು ಓದಿದ. ಬಟ್ಟೆ ಅಂಗಡಿಯ ಬದುಕು ಬೇಸತ್ತು ಹೋದಾಗ ಒಂದು ಭಾನುವಾರ ಹದಿನೇಳು ಮೈಲಿ ನಡೆದು, ಚರ್ಚಿನಿಂದ ಸಾಲಾಗಿ ಮರಳುತ್ತಿದ್ದ ಕೆಲಸದವರ ನಡುವೆ ಅಮ್ಮನನ್ನು ಹುಡುಕಿದ. ಅಪ್‌ಪಾರ್ಕ್‌ನಲ್ಲೂ ಅಡುಗೆಯ ಕಟ್ಟಡಕ್ಕೆ ಸುರಂಗವಿದೆ. ನೆಲದಡಿ ದುಡಿಯುವ ಒಂದು ಜನಾಂಗವನ್ನು ಅವನು 1895ರಲ್ಲಿ ಕಾದಂಬರಿಯಾಗಿ ಬರೆದಾಗ ಆ ಕತ್ತಲ ಓಣಿ ಅವನ ಕಣ್ಣಲ್ಲಿತ್ತೆಂದು ಹಲವು ವಿಮರ್ಶಕರು ಹೇಳುತ್ತಾರೆ.

1893ರಲ್ಲಿ ಸಾರಾಳನ್ನು ಕೆಲಸದಿಂದ ಬಿಡಿಸಿದರು. ಅವಳಿಗೆ ಎಪ್ಪತ್ತು ಮುಟ್ಟಿತ್ತು, ಕಿವಿ ಮಂದವಾಗಿತ್ತು. ಅವಳು ಒಳ್ಳೆಯ ಹೌಸ್‌ಕೀಪರ್ ಆಗಿರಲಿಲ್ಲ ಎಂದು ಮಗನೇ ಮುಂದೆ ಒಪ್ಪಿಕೊಂಡ. ಇಬ್ಬರು ಮುದುಕಿಯರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬಳು ಹಾಲುಮನೆಯ ಹುಡುಗಿಯ ತಂಗಿ. ಒಬ್ಬಳು ಅವಳ ಕೂದಲು ಬಾಚಿದವಳು. ನಲವತ್ತು ವರ್ಷದ ಪರಿಚಯ. ಬಿಡಿಸಿದವಳೂ ಹುಟ್ಟಿನಿಂದ ಶ್ರೀಮಂತಳಲ್ಲ. ಒಡತಿಯ ಕುರ್ಚಿ ಯಾರನ್ನು ಕೂರಿಸಿಕೊಂಡರೂ ಅವರಿಂದ ಅದೇ ಕೆಲಸ ಮಾಡಿಸುತ್ತಿತ್ತು ಎಂದು ಈ ಕಥೆ ನನಗೆ ಕಲಿಸಿದೆ. ಅವರ ನಡುವೆ ಪ್ರೀತಿ ಇರಲಿಲ್ಲವೇ? ಇಲ್ಲದಿದ್ದರೆ 1880ರಲ್ಲಿ ಕರೆಯುತ್ತಲೇ ಇರಲಿಲ್ಲ.

ಇಂಥ ಮದುವೆಗಳು ಬೆರಳೆಣಿಕೆಯವು. ಅದಕ್ಕಾಗಿಯೇ ಇಂದಿಗೂ ಹೇಳುತ್ತಾರೆ. ಬಸುರಾದ ಮೇಡ್‌ಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ನಡತೆಯ ಪತ್ರವಿಲ್ಲದ ಬೀಳ್ಕೊಡುಗೆ. 1739ರಲ್ಲಿ ಸ್ಥಾಪನೆಯಾದ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಗೆ, ಎಂದರೆ ತಾಯಂದಿರು ಸಾಕಲಾರದ ಕೂಸುಗಳ ಆಶ್ರಯಕ್ಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅರ್ಜಿ ಹಿಡಿದು ಬಂದ ತಾಯಂದಿರಲ್ಲಿ ಮನೆಗೆಲಸದವರೇ ಬಹಳ. ಮೇಲೇರುವ ನಿಜವಾದ ದಾರಿ ಕಸುಬಿನದು. ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1826ರ ಮೇ 9ರಂದು ಬೆಳಗಿನ ಜಾವ ಡೆವನ್‌ಷೈರ್ ಡ್ಯೂಕ್‌ನ ಬಂಗಲೆಯಾದ ಚಾಟ್ಸ್‌ವರ್ತ್‌ಗೆ ಬಂದಾಗ ಗೇಟು ತೆರೆದಿರಲಿಲ್ಲ. ಹತ್ತಿ ಇಳಿದ, ತೋಟವನ್ನೆಲ್ಲ ಸುತ್ತಿದ, ಆಳುಗಳಿಗೆ ಕೆಲಸ ಹಚ್ಚಿದ, ಹೌಸ್‌ಕೀಪರಳ ಜೊತೆ ತಿಂಡಿಗೆ ಕುಳಿತ, ಅಲ್ಲಿದ್ದ ಅವಳ ಸೋದರ ಸಂಬಂಧದ ಹುಡುಗಿಗೆ ಮನಸೋತ. ಒಂಬತ್ತು ಗಂಟೆಯೊಳಗೆ ಇಷ್ಟೂ ಆಯಿತೆಂದು ಅವನೇ ಬರೆದಿದ್ದಾನೆ. ಆ ಹುಡುಗಿಯನ್ನೇ ಮದುವೆಯಾದ, ಡ್ಯೂಕ್‌ನ ಆಪ್ತನಾದ, 1851ರ ಮಹಾ ಪ್ರದರ್ಶನದ ಗಾಜಿನ ಅರಮನೆಯನ್ನು ರೂಪಿಸಿ ‘ಸರ್’ ಆದ. ಆ ಡ್ಯೂಕ್‌ನ ಮನೆತನದ ಹೆಸರು ಕ್ಯಾವೆಂಡಿಶ್. ಪ್ಯಾಕ್ಸ್‌ಟನ್ ಅಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಆ ಹೆಸರೇ ಬಂದಿತು; ನಮ್ಮ ಅಂಗಡಿಗಳ ಪಚ್ಚಬಾಳೆ ಆ ಗುಂಪಿನದೇ.

ಯುದ್ಧದ ಪ್ರಶ್ನೆಗೆ ಚಿಕ್ಕದಾಗಿ ಹೇಳುತ್ತೇನೆ. 1914 ತಳ್ಳಿದ್ದು ಆಗಲೇ ವಾಲಿದ್ದ ಗೋಡೆಯನ್ನು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಜಮೀನಿನ ಆದಾಯವನ್ನು ತಿಂದಿತ್ತು, 1894ರಲ್ಲಿ ಉತ್ತರಾಧಿಕಾರದ ಆಸ್ತಿಗೆ ಹೊಸ ತೆರಿಗೆ ಬಿದ್ದಿತ್ತು. ಹುಡುಗಿಯರಿಗೆ ಅಂಗಡಿ, ಕಾರ್ಖಾನೆ, ಕಚೇರಿ ಸಿಕ್ಕವು. ಅಲ್ಲಿ ಸಂಜೆಯಾದರೂ ತಮ್ಮದಾಗಿರುತ್ತಿತ್ತು. ನೀವು 1910ನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ಎಲ್ಲರಿಗೂ ಬದಲಾವಣೆಯ ವಾಸನೆ ಬಡಿದಿದೆ, ಯಾರೂ ಬಾಯಿ ಬಿಡುತ್ತಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೊದಲು ಬರೆದಂತೆಯೇ ಅಕ್ಕರೆಯ ಕಥೆಯಾಗಿ ಮುಂದುವರಿಸಬಹುದು. ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ಅಪಾಯವೆಂದರೆ ಬೆಳಗಿನ ಐದಕ್ಕೆ ಎದ್ದು ತಣ್ಣನೆಯ ಒಲೆಯ ಮುಂದೆ ಮಂಡಿಯೂರುವ ಹುಡುಗಿ ರಂಗದಿಂದ ಮಾಯವಾಗುತ್ತಾಳೆ. ಮಂಡಿಯ ಚಿಪ್ಪಿನ ಮುಂದೆ ನೀರು ತುಂಬಿ ಊದುವ ತೊಂದರೆಯನ್ನು ಇಂಗ್ಲಿಷ್ ವೈದ್ಯರು ಇಂದಿಗೂ ‘ಹೌಸ್‌ಮೇಡ್ಸ್ ನೀ’ ಎನ್ನುತ್ತಾರೆ. ಅಕ್ಕರೆಯ ನಾಟಕದಲ್ಲೂ ಆ ಮಂಡಿ ಒಮ್ಮೆಯಾದರೂ ಕಾಣಲಿ. ನಿಮ್ಮ ತಂಡದ ಹುಡುಗನ ದಾರಿ ಹಿಡಿದು ಶೋಷಣೆಯ ಕಥೆಯನ್ನೇ ಬರೆಯಬಹುದು. ಆಗ ಕೆಲಸದವರು ಬರೀ ನರಳುವವರಾಗಿ ಉಳಿಯುತ್ತಾರೆ. ಅವರ ಕಸುಬಿನ ಹೆಮ್ಮೆ, ಜಾಣತನ, ಒಡೆಯರನ್ನು ಅನುಕರಿಸಿ ನಗುವ ಧೈರ್ಯ ಎಲ್ಲವೂ ಹೋಗುತ್ತದೆ. ಬೆಳ್ಳಿ ಪಾತ್ರೆಯನ್ನು ಹೆಬ್ಬೆರಳಿನಿಂದ ತಾಸುಗಟ್ಟಲೆ ಉಜ್ಜಿ ಹೊಳಪು ತರುತ್ತಿದ್ದ ಫುಟ್‌ಮನ್ ತನ್ನ ಕೆಲಸವನ್ನು ಪ್ರೀತಿಸಿದ್ದರೆ ಅದನ್ನು ಅವನಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಭಾರತದ ಒಂದು ಪಾತ್ರವನ್ನು ತರುವುದೂ ಸಾಧ್ಯ: ಬ್ರಿಟಿಷ್ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಕರೆದೊಯ್ದು, ಕೆಲವರನ್ನು ಹಿಂದಿರುಗುವ ಟಿಕೆಟ್ ಇಲ್ಲದೆ ಕೈಬಿಟ್ಟವು. ಅಂಥವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದು ಆಶ್ರಯವಿತ್ತು, 2022ರಲ್ಲಿ ಆ ಮನೆಗೆ ನೀಲಿ ಸ್ಮಾರಕ ಫಲಕ ಹಾಕಲಾಗಿದೆ. ಆದರೆ ನಮ್ಮವರೊಬ್ಬರು ಇರಲಿ ಎಂಬ ಒಂದೇ ಕಾರಣಕ್ಕೆ ತಂದರೆ ಆ ಪಾತ್ರ ಅಲಂಕಾರವಾಗುತ್ತದೆ.

ನಾನು ಬರೆಯುವವನಾಗಿದ್ದರೆ ಒಂದು ನಡತೆಯ ಪತ್ರದ ಸುತ್ತ ಬರೆಯುತ್ತಿದ್ದೆ. ಒಬ್ಬ ಹುಡುಗಿ ಹೊರಡಬೇಕು, ಒಡತಿ ಆ ಕಾಗದ ಬರೆಯಬೇಕು. ಒಡತಿಗೆ ಅವಳ ಮೇಲೆ ನಿಜವಾದ ವಾತ್ಸಲ್ಯವಿದೆ. ಹುಡುಗಿಗೆ ಒಡತಿಯ ಒಂದು ಗುಟ್ಟು ಗೊತ್ತಿದೆ. ಇಷ್ಟಿದ್ದರೆ ಯಾರನ್ನೂ ದುಷ್ಟರನ್ನಾಗಿ ಮಾಡಬೇಕಿಲ್ಲ.

ಕೊನೆಗೆ ‘ನೀನು’, ‘ನೀವು’. ಇಂಗ್ಲಿಷಿನ ‘ಯೂ’ ಒಂದೇ ಆದರೂ ಅವರು ದರ್ಜೆಯನ್ನು ಹೆಸರಿನಲ್ಲಿ ತೋರಿಸುತ್ತಿದ್ದರು. ಒಡೆಯರು ಬಟ್ಲರ್‌ನನ್ನು ಬರಿಯ ಮನೆತನದ ಹೆಸರಿನಿಂದ ಕರೆಯುತ್ತಿದ್ದರು, ಕಿರಿಯ ಕೆಲಸದವರು ಅದಕ್ಕೆ ‘ಮಿಸ್ಟರ್’ ಸೇರಿಸುತ್ತಿದ್ದರು. ಹೌಸ್‌ಕೀಪರ್‌ಗೆ, ಅಡುಗೆಯ ಮುಖ್ಯಸ್ಥೆಗೆ, ಮದುವೆಯಾಗದಿದ್ದರೂ ‘ಮಿಸೆಸ್’. ಹೌಸ್‌ಮೇಡ್‌ಗೆ ಬರೀ ಹೆಸರು. ಕನ್ನಡದಲ್ಲಿ ಒಡೆಯ ಬಟ್ಲರ್‌ಗೆ ‘ನೀನು’ ಎಂದರೆ ಒರಟಾಗುತ್ತದೆ, ‘ನೀವು’ ಎಂದರೆ ದೂರ ಕರಗಿಬಿಡುತ್ತದೆ. ಎರಡನ್ನೂ ಬಿಡಿ. ಕನ್ನಡಕ್ಕೆ ಮೂರನೆಯ ದಾರಿ ಇದೆ: “ಚಹಾ ಬರಲಿ.” “ಗಾಡಿ ಸಿದ್ಧವಾಗಲಿ.” “ಕಿಟಕಿ ತೆರೆದಿರಬೇಕಿತ್ತು.” ಎದುರಿಗಿರುವ ಮನುಷ್ಯನನ್ನು ಮಾತಿನೊಳಗೆ ತಾರದೆಯೇ ಅಪ್ಪಣೆ ಮುಗಿದುಹೋಗುತ್ತದೆ. ಆ ತಣ್ಣನೆಯ ಸೌಜನ್ಯವೇ ಅಲ್ಲಿನ ಭಾಷೆ. ಕೆಳಗಿನ ಕೋಣೆಯಲ್ಲಿ ಬಟ್ಲರ್ ಹುಡುಗನಿಗೆ ‘ನೀನು’ ಎನ್ನಲಿ, ಹುಡುಗ ‘ನೀವು’ ಎನ್ನಲಿ, ಸಂಕೋಚ ಬೇಡ.

ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ. ಆ ಮನೆಗಳ ಮಗು ತಾಯಿಯನ್ನು ದಿನಕ್ಕೊಮ್ಮೆ, ಚಹಾದ ನಂತರ, ತಲೆ ಬಾಚಿಸಿಕೊಂಡು ಹೋಗಿ ನೋಡುತ್ತಿತ್ತು. ಬೆಳೆಯುತ್ತಿದ್ದುದು ದಾದಿಯ ಮಡಿಲಲ್ಲಿ. 1874ರಲ್ಲಿ ಬ್ಲೆನಿಮ್ ಅರಮನೆಯಲ್ಲಿ ಹುಟ್ಟಿದ ವಿನ್‌ಸ್ಟನ್ ಚರ್ಚಿಲ್ ತನ್ನ ದಾದಿ ಎಲಿಜಬೆತ್ ಎವರೆಸ್ಟ್‌ಳನ್ನು ‘ವೂಮ್’ ಎಂದು ಕರೆಯುತ್ತಿದ್ದ. 1893ರಲ್ಲಿ ಮನೆಯವರು ಅವಳನ್ನು ಬಿಡಿಸಿದಾಗ ಅವನು ತಾಯಿಗೆ ಬೇಡಿಕೊಂಡು ಬರೆದ, ಫಲವಾಗಲಿಲ್ಲ. ಎರಡು ವರ್ಷದ ಮೇಲೆ ಅವಳು ಸಾಯುವ ಹೊತ್ತಿಗೆ ಓಡಿ ಹೋಗಿ ಹಾಸಿಗೆಯ ಬಳಿ ಕುಳಿತ, ಗೋರಿಯ ಕಲ್ಲು ಹಾಕಿಸಿದ. ಆದ್ದರಿಂದ ನಿಮ್ಮ ನಾಟಕದ ಮಗು ತಾಯಿಗೆ ‘ನೀವು’ ಎನ್ನಲಿ, ದಾದಿಗೆ ‘ನೀನು’ ಎನ್ನಲಿ. ಒಂದೇ ದೃಶ್ಯದಲ್ಲಿ ಎರಡೂ ಕೇಳಿಸುವಂತೆ ಮಾಡಿ. ಧಾರವಾಡದ ಪ್ರೇಕ್ಷಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಿಮ್ಮ ಅಜ್ಜಿಯ ಪ್ರೀತಿ ಸುಳ್ಳೇ ಎಂದು ಕೇಳಿದಿರಿ. ಮೂವತ್ತು ವರ್ಷ ಬಡಿಸಿದವಳು ಪ್ರೀತಿ ಎಂದರೆ ಅದು ಪ್ರೀತಿಯೇ. ಅದನ್ನು ಅಳೆಯಲು ನಾನು ಯಾರು? ಒಂದನ್ನು ಮಾತ್ರ ತಿಳಿಯುವ ಆಸೆ ನನಗಿದೆ. ವಾಡೆಯವರು ಅವರನ್ನು ಏನೆಂದು ಕರೆಯುತ್ತಿದ್ದರು, ಹೆಸರು ಹಿಡಿದೋ ‘ಅಡುಗೆಯವಳು’ ಎಂದೋ? ಅವರ ಮಕ್ಕಳು ಏನೆನ್ನುತ್ತಿದ್ದರು? ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ನೆನಪಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ನನಗೂ ತಿಳಿಸಿ.